ಸಾಲ ಮಾಡುವ ಮೊದಲು ನೀರುಗಂಟಿಯ ಜೊತೆ ಎರಡು ಮೂರು ವರ್ಷ ತಿರುಗಿ

ಹೋದ ಭಾನುವಾರ ಪಕ್ಕದ ಬೀದಿಯವರೊಬ್ಬರು ಮಗಳನ್ನು ಕರ್ಕೊಂಡು ಮನೆಗೆ ಬಂದಿದ್ದರು. ಹುಡುಗಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿದ್ದಾಳೆ. "ದೊಡ್ಡಪ್ಪ, ನಂಗೆ ಬೆಂಗಳೂರು ಬೇಡ. ನಿಮ್ಮ ಥರ ಆಫ್ರಿಕಾಕ್ಕೆ ಹೋಗಿ ಕೆಲಸ ಮಾಡಬೇಕು" ಅಂದಳು. ಅವರಪ್ಪನ ಕೈಯಲ್ಲಿ ಒಂದು ಫೈಲು. ಇಂಗ್ಲೆಂಡಿನಲ್ಲಿ ಡೆವಲಪ್‌ಮೆಂಟ್ ಸ್ಟಡೀಸ್, ಅಂದರೆ ಬಡ ದೇಶಗಳ ಅಭಿವೃದ್ಧಿಯ ಬಗ್ಗೆ ಎಂ.ಎ., ಒಂದು ವರ್ಷ. ಫೀಸು, ಊಟ, ರೂಮು ಎಲ್ಲ ಸೇರಿ 30 ಲಕ್ಷ ದಾಟುತ್ತೆ. "ತೆಂಗಿನ ತೋಟದ ಮೇಲೆ ಸಾಲ ತೆಗೀಬೇಕು ಅಣ್ಣ. ಓದು ಮುಗಿದರೆ ವಿಶ್ವಸಂಸ್ಥೇಲಿ ಕೆಲಸ ಗ್ಯಾರಂಟಿ ಅಂತಾನೆ ಏಜೆಂಟು. ಏನ್ ಮಾಡ್ಲಿ?"

ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ. ಗ್ಯಾರಂಟಿ ಅನ್ನುವುದು ಸುಳ್ಳು. ಆ ಸಾಲ ಈಗ ಬೇಡ.

ವಿಶ್ವಸಂಸ್ಥೆಯೊಳಗೆ ಹೊಸಬರಿಗೆ ಅಂತ ಇರುವ ಜೂನಿಯರ್ ಪ್ರೊಫೆಷನಲ್ ಹುದ್ದೆಗಳಿಗೆ ಹಣ ಕೊಡುವುದು ಶ್ರೀಮಂತ ದೇಶಗಳು. ಹೆಚ್ಚಿನವು ತಮ್ಮ ಪ್ರಜೆಗಳಿಗೇ ಕೊಡುತ್ತವೆ. ನ್ಯೂಯಾರ್ಕ್ ಸಚಿವಾಲಯದ ಇಂಟರ್ನ್‌ಶಿಪ್‌ಗೆ ಸಂಬಳವೇ ಇಲ್ಲ. ನಮ್ಮ ಮಕ್ಕಳಿಗೆ ನಿಜವಾಗಿ ತೆರೆದಿರುವ ಬಾಗಿಲು ವಿಶ್ವಸಂಸ್ಥೆಯದೇ ಸ್ವಯಂಸೇವಕರ ವಿಭಾಗ, ಯುಎನ್ ವಾಲಂಟಿಯರ್ಸ್. 1970ರಲ್ಲಿ ಶುರುವಾಗಿದ್ದು, ಮುಖ್ಯ ಕಚೇರಿ ಜರ್ಮನಿಯ ಬಾನ್ ನಗರದಲ್ಲಿದೆ. ಹೆಸರು ಸ್ವಯಂಸೇವೆ ಅಂದರೂ ತಿಂಗಳ ಖರ್ಚಿಗೆ ಭತ್ಯೆ ಕೊಡುತ್ತಾರೆ. ಆದರೆ ಪರಿಣತರಾಗಿ ಹೊರದೇಶಕ್ಕೆ ಹೋಗಬೇಕಾದರೆ ಡಿಗ್ರಿಯ ಜೊತೆ ಕೆಲವು ವರ್ಷದ ಕೆಲಸದ ಅನುಭವವನ್ನೂ ಕೇಳುತ್ತಾರೆ. 1999ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಎಂಎಸ್‌ಎಫ್ (ಗಡಿಗಳಿಲ್ಲದ ವೈದ್ಯರು ಅನ್ನುವ ಸಂಸ್ಥೆ) ಕೂಡ ಅನುಭವ ಇದ್ದವರನ್ನೇ ಹುಡುಕುತ್ತದೆ. ಡಾಕ್ಟರುಗಳ ಸಂಸ್ಥೆ ಅಂತ ನಾವು ಅಂದ್ಕೊಂಡಿದ್ದೀವಿ ಅಲ್ವಾ? ಅವರಿಗೆ ನರ್ಸುಗಳು, ನೀರಿನ ಎಂಜಿನಿಯರುಗಳು, ಎಲೆಕ್ಟ್ರಿಷಿಯನ್‌ಗಳು, ಲೆಕ್ಕ ಬರೆಯುವವರು ಎಲ್ಲರೂ ಬೇಕು.

ಆ ಅನುಭವ ಎಲ್ಲಿ ಸಿಗುತ್ತೆ? ನನಗೆ ಸಿಕ್ಕಿದ್ದು ಅರಸೀಕೆರೆ ತಾಲ್ಲೂಕಿನಲ್ಲಿ.

ನಮ್ಮೂರಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅದನ್ನು ದಾಟಿದ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತೆ. ವಯಸ್ಸಾದ ಮೇಲೆ ಮೂಳೆ, ಕೀಲು ಹಿಡಿದುಕೊಳ್ಳುತ್ತೆ. ನಮ್ಮ ಅತ್ತೆ ನಗುವಾಗೆಲ್ಲ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಅದು ನಾಚಿಕೆ ಅಂತಲೇ ನಾನು ಎಷ್ಟೋ ವರ್ಷ ತಿಳಿದಿದ್ದೆ.

ಓದು ಮುಗಿದ ಮೇಲೆ ನಾಲ್ಕು ವರ್ಷ ಕುಡಿಯುವ ನೀರಿನ ಕೆಲಸದಲ್ಲಿ ಹಳ್ಳಿ ಹಳ್ಳಿ ಸುತ್ತಿದೆ. ಕಾಲೇಜಿನಲ್ಲಿ ಕಲಿಯದೇ ಇದ್ದದ್ದನ್ನು ಊರಿಗೆ ನೀರು ಬಿಡುವ ನೀರುಗಂಟಿಗಳು ಕಲಿಸಿದರು. ಯಾವ ವಾಲ್ವ್ ಎಷ್ಟು ಸುತ್ತು ತಿರುಗಿಸಬೇಕು, ಯಾವ ಕೇರಿಗೆ ನೀರು ತಡವಾಗಿ ಹೋಗುತ್ತೆ, ಏಕೆ ಯಾವಾಗಲೂ ಅದೇ ಕೇರಿಗೇ ತಡ. ಈ ಕೊನೆಯ ಪ್ರಶ್ನೆ ಯಾವ ನಕ್ಷೆಯಲ್ಲೂ ಇರುವುದಿಲ್ಲ.

ಆಮೇಲೆ ಇಥಿಯೋಪಿಯಾ. ರಿಫ್ಟ್ ಕಣಿವೆಯ ಜಿವಾಯ್ ಸರೋವರದ ಹತ್ತಿರದ ಹಳ್ಳಿಗಳು. ಅಲ್ಲೂ ನೆಲದಡಿಯ ನೀರಿನಲ್ಲಿ ಫ್ಲೋರೈಡ್. ಮೊದಲ ದಿನ ಒಂದು ಬೋರ್‌ವೆಲ್ ಪಕ್ಕ ಕೂತು ಗಾಜಿನ ನಳಿಕೆಗೆ ನೀರು ತುಂಬಿಸಿ ಔಷಧಿಯ ಹನಿ ಹಾಕಿದೆ. ಗುಲಾಬಿ ಬಣ್ಣ ಉಳಿಯಲಿಲ್ಲ, ನೋಡ್ತಾ ನೋಡ್ತಾ ಹಳದಿಯಾಯಿತು. ಹಳದಿ ಅಂದರೆ ಫ್ಲೋರೈಡ್ ಜಾಸ್ತಿ ಅಂತ. ತಲೆ ಎತ್ತಿದರೆ ಎದುರಿಗೆ ಕ್ಯಾನ್ ಹಿಡಿದು ನಿಂತಿದ್ದ ಹುಡುಗಿಯೊಬ್ಬಳು ಶಾಲಿನ ಅಂಚನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಥೇಟ್ ನಮ್ಮತ್ತೆ. ಅವಳಿಗೆ ಏನು ಬೇಕು ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆದರೆ ಎಲ್ಲವೂ ಹಾಗೆ ತಾನಾಗಿ ಅರ್ಥವಾಗುವುದಿಲ್ಲ. ಅದೇ ವಾರ ಊರಿನ ಹಿರಿಯರು ಮೂರು ಗಂಟೆಗೆ ಸಭೆ ಅಂದಿದ್ದರು. ನಾನು ಮಧ್ಯಾಹ್ನ ಮೂರಕ್ಕೆ ಹೋದೆ. ಅಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದ ಮೇಲೆ. ಅವರ ಮೂರು ಗಂಟೆ ಅಂದರೆ ನಮ್ಮ ಬೆಳಗಿನ ಒಂಬತ್ತು. ಆರು ಗಂಟೆ ಹೊತ್ತು ಆ ಮುದುಕರು ಮರದ ಕೆಳಗೆ ಕಾದಿದ್ದರು. ಯಾರೂ ಬೈಯಲಿಲ್ಲ, ಕಾಫಿ ಕಾಯಿಸಿ ಕೊಟ್ಟರು. ಅವತ್ತಿನ ಸಂಕಟ ಇವತ್ತಿಗೂ ಹೋಗಿಲ್ಲ.

ಇನ್ನೊಂದು ಹಳ್ಳಿಯಲ್ಲಿ ಫ್ಲೋರೈಡ್ ತೆಗೆಯುವ ಘಟಕ ನಿಂತುಹೋಗಿತ್ತು. ನೀರಿಗೆ ಪಟಿಕ, ಸುಣ್ಣ ಹಾಕಿ ಕಲಕಿ, ಗಸಿ ಇಳಿಯಲು ಬಿಡುವ ವಿಧಾನ. ನಾಗಪುರದ ಪರಿಸರ ಸಂಶೋಧನಾ ಸಂಸ್ಥೆ 'ನೀರಿ'ಯವರು ರೂಪಿಸಿದ್ದು. ತೆಲಂಗಾಣದ ನಲ್ಗೊಂಡದ ಹೆಸರಿನಲ್ಲಿ ನಲ್ಗೊಂಡ ವಿಧಾನ ಅಂತಲೇ ಅದರ ಹೆಸರು. ನಮ್ಮ ದೇಶದ ವಿದ್ಯೆ ಅಷ್ಟು ದೂರ ಹೋಗಿದೆ ಅಂತ ತುಂಬ ಹೆಮ್ಮೆ ಪಟ್ಟೆ. ಆದರೆ ಪ್ರಾಜೆಕ್ಟ್ ಮುಗಿದು ಹಣ ನಿಂತಿತ್ತು. ದಿನಾ ಬೇಕಾಗುವ ಪಟಿಕ ತರಿಸುವವರಿಲ್ಲ, ಉಳಿದ ಗಸಿಯನ್ನು ಎಲ್ಲಿ ಸುರಿಯಬೇಕು ಅಂತ ಗೊತ್ತಿದ್ದವರಿಲ್ಲ. ಜನ ಹಳೇ ಬೋರ್‌ವೆಲ್‌ಗೇ ವಾಪಸ್ ಹೋಗಿದ್ದರು. ನಮ್ಮ ಕಡೆ ಕೆಟ್ಟು ನಿಂತ ಶುದ್ಧ ನೀರಿನ ಘಟಕಗಳ ಮುಂದೆ ಕ್ಯಾನ್ ಹಿಡಿದು ನಿಂತವರಿಗೆ ಈ ಕಥೆ ಹೊಸದಲ್ಲ. ಇಲ್ಲಿ ಆ ಪಾಡು ನೋಡಿದವನಿಗೆ ಅಲ್ಲಿ ಮೊದಲು ಬರುವ ಪ್ರಶ್ನೆ ಒಂದೇ: ಮೂರು ವರ್ಷದ ನಂತರ ಇದನ್ನು ನಡೆಸುವವರು ಯಾರು?

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಇದು ಭದ್ರ ನೌಕರಿಯಲ್ಲ, ಒಪ್ಪಂದ ಮುಗಿದರೆ ಮನೆಗೆ. ಬಡ ದೇಶಗಳಿಗೆ ನೆರವು ಕೊಡುತ್ತಿದ್ದ ಅಮೆರಿಕ ಸರ್ಕಾರದ ಸಂಸ್ಥೆ ಯುಎಸ್‌ಏಡ್ 1961ರಿಂದ ಇದ್ದದ್ದು, 2025ರ ಜುಲೈ 1ಕ್ಕೆ ಮುಚ್ಚಿತು. ಸಾವಿರಾರು ಜನರ ಕೆಲಸ ಹೋಯಿತು. ಊರಿನಲ್ಲೂ ಬೇಡಿಕೆ ಇರುವ ಕಸುಬು ಕೈಯಲ್ಲಿದ್ದವರು ಹೇಗೋ ನಿಭಾಯಿಸುತ್ತಾರೆ. 30 ಲಕ್ಷದ ಸಾಲ ಇಟ್ಟುಕೊಂಡ ಮಗು ಏನು ಮಾಡಬೇಕು? ಇನ್ನೊಂದು ಕಷ್ಟವೂ ಇದೆ. ನಮ್ಮಪ್ಪನಿಗೆ ಪಾರ್ಶ್ವವಾಯು ಹೊಡೆದಾಗ ನಾನು ಇಥಿಯೋಪಿಯಾದ ಹಳ್ಳಿಯಿಂದ ಹೊರಟು ಊರು ಮುಟ್ಟುವಷ್ಟರಲ್ಲಿ ಮೂರು ದಿನ ಆಗಿತ್ತು. ಅವರು ಬದುಕಿದರು, ಮಾತು ಹೋಗಿತ್ತು. ಹೋಗುವವರು ಇದನ್ನೂ ಮನೆಯಲ್ಲಿ ಕೂತು ಮಾತಾಡಿಯೇ ಹೋಗಬೇಕು.

ಹೋಗಬೇಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ನನ್ನ ಬದುಕಿನ ಒಳ್ಳೆಯ ವರ್ಷಗಳು ಅವು. ಆದರೆ ಎರಡು ಮೂರು ವರ್ಷ ಇಲ್ಲಿ ಕೈ ಕೆಸರು ಮಾಡಿಕೊಳ್ಳಿ. ಸರ್ಕಾರದ 'ಮನೆ ಮನೆಗೆ ಗಂಗೆ' ಯೋಜನೆಯ ಪೈಪು ಬಂದಿರುವ ಯಾವುದಾದರೂ ಹಳ್ಳಿಗೆ ಹೋಗಿ, ನಲ್ಲಿಯಲ್ಲಿ ನೀರು ಬರುತ್ತಾ ನೋಡಿ. ಸಂಜೆ ಹೊತ್ತು ಫ್ರೆಂಚ್ ಕಲಿಯಿರಿ, ಪಶ್ಚಿಮ ಆಫ್ರಿಕಾದಲ್ಲಿ ಬಹಳ ದೇಶಗಳಲ್ಲಿ ಅದಿಲ್ಲದೆ ಕೆಲಸ ನಡೆಯುವುದಿಲ್ಲ. ಎಂ.ಎ. ಆಮೇಲೂ ಮಾಡಬಹುದು. ಆಗ ಸ್ಕಾಲರ್‌ಶಿಪ್ ಕೇಳುವಾಗ ಹೇಳಿಕೊಳ್ಳಲು ನಿಮ್ಮದೇ ಕೆಲಸ ಇರುತ್ತೆ.

ಹುಡುಗಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದಳು. ಆಮೇಲೆ "ದೊಡ್ಡಪ್ಪ, ಆ ಬಣ್ಣ ತಿರುಗುವ ಟೆಸ್ಟು ನಂಗೂ ತೋರಿಸಿಕೊಡ್ತೀರಾ?" ಅಂದಳು. ಬರುವ ಶನಿವಾರ ನಮ್ಮೂರಿಗೆ ಹೋಗ್ತಿದ್ದೀವಿ. ನೀರುಗಂಟಿಗೆ ಫೋನ್ ಮಾಡಿ ಹೇಳಿದ್ದೇನೆ. ಹಾಸನದ ಸುತ್ತ ಇದೇ ಯೋಚನೆಯಲ್ಲಿರುವ ಮಕ್ಕಳು ಇನ್ನೂ ಯಾರಾದರೂ ಇದ್ದರೆ ಮೆಸೇಜ್ ಮಾಡಿ, ಕಾರಿನಲ್ಲಿ ಇನ್ನೂ ಇಬ್ಬರಿಗೆ ಜಾಗ ಇದೆ.