ಕಣ್ಣಿನ ಕೆಂಪು ನಾಳ ತೆಗೆಸಿಬಿಡಲಾ ಅಂತ ಒಂದು ವರ್ಷ ಯೋಚಿಸಿದೆ

ನನ್ನ ಬಲಗಣ್ಣಿನ ಬಿಳಿಯಲ್ಲಿ, ಮೂಗಿನ ಕಡೆಗೆ, ನಾಲ್ಕೈದು ಕೆಂಪು ನಾಳಗಳಿವೆ. ನಿದ್ದೆ ಚೆನ್ನಾಗಿ ಆದರೂ ಇರುತ್ತವೆ, ಆಗದಿದ್ದರೂ ಇರುತ್ತವೆ. ಮಂಡ್ಯದ ಹತ್ತಿರ ನಮ್ಮದು ಆಲೆಮನೆ. ಕಬ್ಬಿನ ಸಿಪ್ಪೆ ಉರಿಯುವ ಹೊಗೆಯಲ್ಲೇ ಬೆಳೆದವನು ನಾನು. ಈಗ ದಿನಾ ಬೈಕಿನಲ್ಲಿ ಮೈಸೂರಿಗೆ ಹೋಗಿ ಕಂಪ್ಯೂಟರ್ ಮುಂದೆ ಕೂರುತ್ತೇನೆ.

ಹೋದ ವರ್ಷ ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿಯ ದೊಡ್ಡಪ್ಪ ನನ್ನನ್ನು ಜಗುಲಿಗೆ ಕರೆದು, "ತಪ್ಪು ತಿಳ್ಕೋಬೇಡಪ್ಪ, ಕುಡಿಯೋ ಅಭ್ಯಾಸ ಏನಾರ ಐತಾ?" ಅಂತ ಕೇಳಿದರು. ನಾನು ಇವತ್ತಿನವರೆಗೂ ಒಂದು ತೊಟ್ಟು ಮುಟ್ಟಿಲ್ಲ. ಆ ರಾತ್ರಿ ಅಮ್ಮ ಊಟ ಮಾಡಲಿಲ್ಲ. ಅದಕ್ಕೇ, ಚೆಂದಕ್ಕೆ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀಯ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಮೊದಲು ಮೆಡಿಕಲ್ ಸ್ಟೋರಿನಿಂದ ಡ್ರಾಪ್ಸ್ ತಂದೆ. ಹಾಕಿದ ಸ್ವಲ್ಪ ಹೊತ್ತಿಗೆ ಕಣ್ಣು ಬೆಳ್ಳಗಾಗುತ್ತಿತ್ತು. ಎರಡು ತಿಂಗಳಲ್ಲಿ ದಿನಕ್ಕೆ ಆರು ಸಲ ಹಾಕುವ ಹಾಗಾಯಿತು. ಬಿಟ್ಟರೆ ಮೊದಲಿಗಿಂತ ಜಾಸ್ತಿ ಕೆಂಪು. ಅದರಲ್ಲಿದ್ದದ್ದು ನಾಫಜೋಲಿನ್. ಅದು ನಾಳವನ್ನು ಕುಗ್ಗಿಸುತ್ತದೆ ಅಷ್ಟೇ. ಮದ್ದಿನ ಶಕ್ತಿ ಇಳಿದ ಮೇಲೆ ನಾಳ ಇನ್ನಷ್ಟು ಹಿಗ್ಗುತ್ತದೆ.

ಆಮೇಲೆ ಗೊತ್ತಾಗಿದ್ದು ಆಪರೇಷನ್ ವಿಷಯ. ಕಣ್ಣಿನ ಬಿಳಿ ಗುಡ್ಡೆಯ ಮೇಲೆ ತೆಳ್ಳಗಿನ ಪೊರೆ ಇದೆ, ಕಂಜಂಕ್ಟೈವಾ ಅನ್ನುತ್ತಾರೆ. ಕೆಂಪು ನಾಳ ಹೆಚ್ಚಾಗಿ ಕಾಣುವುದು ಅದರಲ್ಲೇ. ಆ ಪೊರೆಯನ್ನೇ ಕತ್ತರಿಸಿ ತೆಗೆದು, ನಾಳ ಮತ್ತೆ ಬೆಳೆಯದಿರಲಿ ಅಂತ ಮೈಟೋಮೈಸಿನ್ ಹಚ್ಚುತ್ತಾರೆ. ಕ್ಯಾನ್ಸರಿಗೆ ಕೊಡುವ ಮದ್ದು ಅದು! ದಕ್ಷಿಣ ಕೊರಿಯಾದಲ್ಲಿ ಇದನ್ನು ಮಾಡಿಸಿಕೊಂಡವರಲ್ಲಿ ಕೆಲವರಿಗೆ ಬಿಳಿ ಗುಡ್ಡೆಯೇ ತೆಳುವಾಯಿತು, ಅಲ್ಲಿ ಕ್ಯಾಲ್ಸಿಯಂ ಕಟ್ಟಿಕೊಂಡಿತು. ಇನ್ನು ಕೆಲವರಿಗೆ ಒಂದು ಎರಡಾಗಿ ಕಾಣತೊಡಗಿತು. 2011ರಲ್ಲಿ ಅಲ್ಲಿನ ಸರ್ಕಾರವೇ ಇದನ್ನು ನಿಲ್ಲಿಸಿತು. ಕಳೆ ತೆಗೆಯಲು ಹೋಗಿ ಗದ್ದೆಯ ಮೇಲ್ಮಣ್ಣನ್ನೇ ಕೆರೆದು ಹಾಕಿದ ಹಾಗಲ್ವಾ ಇದು? ತೊಂದರೆ ವರ್ಷಗಳಾದ ಮೇಲೂ ಬರಬಹುದು ಅಂತ ತಿಳಿದ ದಿನ ನನ್ನ ಕೈಕಾಲು ತಣ್ಣಗಾಯಿತು.

ನಮ್ಮ ಚಿಕ್ಕಪ್ಪನಿಗೂ ಕಣ್ಣಿನ ಆಪರೇಷನ್ ಆಗಿದೆ. ಬಿಸಿಲು, ದೂಳಿನಲ್ಲಿ ದುಡಿದು ದುಡಿದು ಮಾಂಸ ಬೆಳೆದು ಕರಿಗುಡ್ಡೆಯ ಮೇಲೆ ಹತ್ತಿತ್ತು, ನೋಟ ಮಂಜಾಗುತ್ತಿತ್ತು. ಅದು ಕಾಯಿಲೆ, ತೆಗೆಸಲೇಬೇಕಿತ್ತು. ನನ್ನ ಕಣ್ಣು ಚೆನ್ನಾಗಿ ಕಾಣುತ್ತಿದೆ. ಕಾಣುವ ಕಣ್ಣಿಗೆ ಕತ್ತರಿ ಹಾಕಿಸುವುದು ಬೇರೆ ಮಾತು.

ಕೊನೆಗೆ ಮೈಸೂರಿನಲ್ಲಿ ಒಬ್ಬ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಈ ಕೆಲಸ ಮೊದಲೇ ಮಾಡಬೇಕಿತ್ತು. ಕಣ್ಣು ಒಣಗಿದೆ, ರೆಪ್ಪೆಯಂಚಿನ ಎಣ್ಣೆ ಗ್ರಂಥಿಗಳು ಕಟ್ಟಿಕೊಂಡಿವೆ ಅಂದರು. ಹಳೇ ಡ್ರಾಪ್ಸ್ ಬಿಡಿಸಿದರು. ರೆಪ್ಪೆಗೆ ಬಿಸಿಬಟ್ಟೆಯ ಶಾಖ, ಕಣ್ಣು ಒದ್ದೆಯಾಗಿಡುವ ಡ್ರಾಪ್ಸ್, ಬೈಕಿನಲ್ಲಿ ಕನ್ನಡಕ. ಮೊದಲ ಎರಡು ವಾರ ಕೆಂಪು ಜಾಸ್ತಿಯಾಗಿ ತುಂಬ ಕಷ್ಟವಾಯಿತು. ಮೂರು ತಿಂಗಳಿಗೆ ಅರ್ಧಕ್ಕರ್ಧ ಕಡಿಮೆಯಾಗಿದೆ. ಎರಡು ನಾಳ ಮಾತ್ರ ಹಾಗೇ ಇವೆ. ಅವು ಇರಲಿ, ನಾನು ತೆಗೆಸುವುದಿಲ್ಲ.

ಈ ಭಾನುವಾರ ಕೆ.ಆರ್. ಪೇಟೆ ಕಡೆ ಹೆಣ್ಣು ನೋಡಲು ಹೋಗುತ್ತಿದ್ದೇವೆ. ನನ್ನ ಕಣ್ಣಿನ ವಿಷಯ ಫೋನಿನಲ್ಲೇ ಅವರಿಗೆ ಹೇಳಿಬಿಡಮ್ಮ ಅಂದೆ. ಅಮ್ಮ ಹೇಳಿದ್ದಾರೆ.