ಗವಂತಿ, ಮುರ್ಗಿ, ಐದು ಕಿಲೋಮೀಟರ್

ಕಸೂತಿ ಹಾಕಲು ಬಟ್ಟೆಯ ಎಳೆ ಎಣಿಸುವಾಗ ನನ್ನನ್ನು ಮಾತನಾಡಿಸಬಾರದು ಎಂಬುದು ಮನೆಯ ಬೆಕ್ಕಿಗೂ ಗೊತ್ತು. ಗೊತ್ತಿಲ್ಲದ್ದು ಮುಂಗೈಯ ಗಡಿಯಾರಕ್ಕೆ ಮಾತ್ರ. ಇಳಕಲ್ ಸೀರೆಯ ಸೆರಗಿನಲ್ಲಿ ಗೋಪುರದ ಬಲಗಡೆಯ ಮೆಟ್ಟಿಲು ಏರುತ್ತ ಮೂವತ್ತೇಳನೆಯ ಎಳೆಗೆ ಬಂದಿದ್ದೆ. ಅದು ಗುರ್ರೆಂದು ನಡುಗಿತು. ಬಹಳ ಹೊತ್ತು ಕುಳಿತಿದ್ದೀರಿ, ಎದ್ದು ಓಡಾಡಿ ಎಂದಿತು. ಕಸೂತಿಗೆ ಅಚ್ಚು ಒತ್ತಿಕೊಳ್ಳುವಂತಿಲ್ಲ, ಪೆನ್ಸಿಲಿನಲ್ಲಿ ಗೆರೆ ಎಳೆದುಕೊಳ್ಳುವಂತಿಲ್ಲ, ಎಣಿಕೆಯೇ ಗತಿ. ಮತ್ತೆ ಒಂದರಿಂದ ಶುರು.

ಹಾಗೆಂದು ನಾನು ಕುಳಿತಲ್ಲೇ ಬೇರು ಬಿಟ್ಟವಳಲ್ಲ. ಅಂದು ಬೆಳಗ್ಗೆಯೇ ಧಾರವಾಡದ ಕೆಲಗೇರಿ ಕೆರೆಯ ದಂಡೆಯ ಮೇಲೆ ಓಡಿ ಬಂದಿದ್ದೆ. ದಾರಿಯ ಅಗಲಕ್ಕೆ ನಾಲ್ವರು ಸಾಲುಗಟ್ಟಿ, ಸೈಟಿನ ದರ ಮಾತನಾಡುತ್ತ, ಹಿಂದೆ ಬರುವವರಿಗೆ ಕಾಲಿಡಲೂ ಜಾಗ ಕೊಡದೆ ವಾಕಿಂಗ್ ಮಾಡುವ ಮಹನೀಯರನ್ನು ಹುಲ್ಲಿಗಿಳಿದು ದಾಟಿಯೂ ಓಡಿದ್ದೆ. ಗಡಿಯಾರಕ್ಕೆ ಅದು ಬೆಳಗಿನ ಮಾತು. ಮಧ್ಯಾಹ್ನದ ಲೆಕ್ಕವೇ ಬೇರೆ.

ಗಡಿಯಾರ ಕೊಟ್ಟವನು ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗ. 2008ರಿಂದ ಅಲ್ಲಿ ನಡೆಯುತ್ತಿರುವ ಹತ್ತು ಕಿಲೋಮೀಟರ್ ಓಟದಲ್ಲಿ ಭಾಗವಹಿಸಿ ಕೊರಳಿಗೆ ಪದಕ ಹಾಕಿಸಿಕೊಂಡು ಬಂದವನು. ನನಗೂ ಒಂದು ಕಾರ್ಯಕ್ರಮ ಕಳಿಸಿದ. ವಾರಕ್ಕೆ ಮೂರು ದಿನ, ಅರವತ್ತು ಸೆಕೆಂಡು ಓಟ, ತೊಂಬತ್ತು ಸೆಕೆಂಡು ನಡಿಗೆ ಎಂದು ಆರಂಭಿಸಿ, ಒಂಬತ್ತು ವಾರಕ್ಕೆ ಐದು ಕಿಲೋಮೀಟರ್ ಮುಟ್ಟಿಸುತ್ತದೆ. ಚೆನ್ನಾಗಿಯೇ ಇತ್ತು. ನಾನು ಕಸೂತಿ ಹಿಡಿದಿರುವುದು ಅವನಿಗೆ ಗೊತ್ತಾದದ್ದೇ ತಪ್ಪಾಯಿತು. ಎರಡನ್ನೂ ಜೋಡಿಸಿ ಕಂಪ್ಯೂಟರಿನಲ್ಲಿ ಪಟ್ಟಿಯೊಂದನ್ನು ಮಾಡಿದ. ಒಂದು ಕಾಲಮ್ಮಿನಲ್ಲಿ ಕಿಲೋಮೀಟರ್, ಪಕ್ಕದಲ್ಲಿ ಗೋಪುರ, ನವಿಲು, ತುಳಸಿಕಟ್ಟೆ, ತೇರು. ಕೊನೆಯ ಕಾಲಮ್ಮಿಗೆ ‘ಸಮಾಧಾನ’ ಎಂದು ಹೆಸರು. ಹತ್ತಕ್ಕೆ ಎಷ್ಟು ಎಂದು ದಿನವೂ ತುಂಬಬೇಕು.

“ಎರಡೂ ಮನಸ್ಸಿಗೆ ಒಳ್ಳೆಯದು, ಅತ್ಯಾ” ಎಂದ.

ಆ ಮಾತು ಕೇಳಿದ ಕೂಡಲೇ ಸೂಜಿಗೂ ಬೂಟಿಗೂ ಕಷಾಯದ ವಾಸನೆ ಹತ್ತಿತು. ಈಗ ಯಾರೂ ಏನನ್ನೂ ಸುಮ್ಮನೆ ಮಾಡುವಂತಿಲ್ಲ. ಹಾಡಿದರೆ ಶ್ವಾಸಕೋಶಕ್ಕೆ, ನಕ್ಕರೆ ರಕ್ತದೊತ್ತಡಕ್ಕೆ, ಮಣ್ಣು ಕಲಸಿದರೆ ಒತ್ತಡ ನಿವಾರಣೆಗೆ. ನಮ್ಮ ಕಾಕು, ಚಿಕ್ಕಪ್ಪನ ಹೆಂಡತಿ, ಬದುಕಿದ್ದರೆ ಇವರಿಗೆಲ್ಲ ತಕ್ಕ ಉತ್ತರ ಕೊಡುತ್ತಿದ್ದಳು.

ಕಾಕು ಕಸೂತಿಯನ್ನು ನೋಡುತ್ತಿದ್ದುದೇ ಹಿಂದುಗಡೆಯಿಂದ. ಗವಂತಿ ಹೊಲಿಗೆಯಲ್ಲಿ ಸೂಜಿ ಒಂದೊಂದು ಹೊಲಿಗೆ ಬಿಟ್ಟು ಮುಂದೆ ಹೋಗಿ, ಬಿಟ್ಟ ಜಾಗ ತುಂಬುತ್ತ ಅದೇ ದಾರಿಯಲ್ಲಿ ಮರಳುತ್ತದೆ. ಮುರ್ಗಿ ಹೊಲಿಗೆಯಲ್ಲಿ ಅದೇ ಕೆಲಸ ಮೆಟ್ಟಿಲು ಮೆಟ್ಟಿಲಾಗಿ. ಎಲ್ಲಿಯೂ ಗಂಟು ಹಾಕುವಂತಿಲ್ಲ, ಮುಂದುಹಿಂದು ಒಂದೇ ಆಗಿರಬೇಕು. ಆದ್ದರಿಂದ ಮದುವೆ ಮನೆಗೆ ಹೋದರೆ ಅವಳು ಮದುಮಗಳ ಮುಖ ನೋಡುವ ಮೊದಲು ಸೆರಗು ತಿರುವಿ ನೋಡುತ್ತಿದ್ದಳು. ಹುಬ್ಬಳ್ಳಿಯ ಒಂದು ಮದುವೆಯಲ್ಲಿ ಬೀಗಿತಿ, ಸೊಸೆಗೆ ತಂದ ಕರಿಯ ಚಂದ್ರಕಾಳಿ ಸೀರೆಯನ್ನು ತಟ್ಟೆಯಲ್ಲಿಟ್ಟು, ತನ್ನ ತಂಗಿ ಮೂರು ತಿಂಗಳು ಕೂತು ಕೈಯಾರೆ ಹೊಲಿದದ್ದು ಎಂದು ಎಲ್ಲರಿಗೂ ತೋರಿಸುತ್ತಿದ್ದಳು. ಕಾಕು ಸೆರಗು ತಿರುವಿದಳು. ಹಿಂದೆ ಯಂತ್ರದ ಹೊಲಿಗೆಗೆ ಆಸರೆಯಾಗಿ ಅಂಟಿಸುವ ಬಿಳಿಯ ಕಾಗದದಂಥ ಬಟ್ಟೆ! ಅವಳು ತುಟಿ ಬಿಚ್ಚಲಿಲ್ಲ. ಸೀರೆಯನ್ನು ತಿರುವಿದಂತೆಯೇ ಪಕ್ಕದವಳ ಮಡಿಲಿಗೆ ದಾಟಿಸಿದಳು. ಅವಳು ಇನ್ನೊಬ್ಬಳಿಗೆ. ಹೀಗೆ ಆ ಸೀರೆ ಬೆನ್ನು ತೋರಿಸುತ್ತ ಇಡೀ ಮಂಟಪ ಸುತ್ತಿತು. ನಮ್ಮ ತಂದೆ ದೂರದಿಂದಲೇ ಕಣ್ಣು ಕೆಕ್ಕರಿಸಿದರು. ಬೀಗಿತಿಯ ಮುಖ ಇಷ್ಟಾಯಿತು. ಪುರೋಹಿತರು ಮುಹೂರ್ತ ಮುಹೂರ್ತ ಎಂದು ಕೂಗುತ್ತಿದ್ದರೂ ಹೆಂಗಸರ ಕಡೆಯಿಂದ ಒಬ್ಬರೂ ಏಳಲಿಲ್ಲ.

ಆಗ ವರನ ಅಜ್ಜಿ ಕೋಲೂರಿಕೊಂಡು ಬಂದು ಕಾಕುವಿನ ಪಕ್ಕ ಕುಳಿತಳು. ಜಗಳಕ್ಕೇ ಬಂದಳೆಂದು ನಾವೆಲ್ಲ ಉಸಿರು ಬಿಗಿಹಿಡಿದೆವು. ಅಜ್ಜಿ ಉಟ್ಟ ಸೀರೆಯ ಸೆರಗನ್ನು ಮಗ್ಗುಲಿನಿಂದ ಎಳೆದು, ಹಿಂದುಗಡೆ ಮೇಲಾಗಿ ಕಾಕುವಿನ ಕೈಗೆ ಕೊಟ್ಟಳು. ಹಳೆಯ ಸೀರೆ, ಬಣ್ಣ ಮಾಸಿತ್ತು. ಕಾಕು ಕನ್ನಡಕ ಏರಿಸಿದಳು, ಇಳಿಸಿದಳು, ಬೆಳಕಿಗೆ ಹಿಡಿದಳು, ಉಗುರಿನಿಂದ ತಡವಿದಳು. ಒಂದು ಗಂಟು ಸಿಗಲಿಲ್ಲ. ಆಮೇಲೆ ಅವರಿಬ್ಬರೂ ಕಂಬದ ಹಿಂದೆ ಸರಿದು ಆ ಸೆರಗಿನ ತೇರಿನ ಎಳೆ ಎಣಿಸಲು ಕುಳಿತರು. ವಾಲಗ ಮೊಳಗಿತು, ಅಕ್ಷತೆ ಬಿತ್ತು, ಇಬ್ಬರೂ ತಲೆ ಎತ್ತಲಿಲ್ಲ. ರಾತ್ರಿ ತಂದೆ ಗದರಿದಾಗ ಕಾಕು ಅಂದಳು: “ಅಕ್ಷತೆ ಎಲ್ಲ ಮದುವೆಯಲ್ಲೂ ಬೀಳುತ್ತದೆ, ಭಾವ. ಅಂಥ ಸೆರಗು ಎಲ್ಲ ಮದುವೆಗೂ ಬರುವುದಿಲ್ಲ.”

ಇವಳಿಗೆ ಯಾರಾದರೂ ‘ಸಮಾಧಾನ, ಹತ್ತಕ್ಕೆ ಎಷ್ಟು?’ ಎಂದು ಕೇಳಬೇಕಿತ್ತು.

ಈ ಗಡಿಯಾರ ಅಳೆಯುವುದಾದರೂ ನೆಟ್ಟಗೆ ಅಳೆಯುತ್ತದೆಯೇ ಎಂದರೆ ಅದೂ ಇಲ್ಲ. ನೂಲು ಉದ್ದಕ್ಕೆ ಎಳೆದಾಗ ಕೈಯಾಡುವುದನ್ನು ಕಂಡು ಗಡಿಯಾರ ಅದನ್ನೂ ಹೆಜ್ಜೆಗೆ ಸೇರಿಸಿಬಿಡುತ್ತದೆ. ಕೈಗಾಡಿಯ ಹಿಡಿ ಬಿಡದೆ ಊರೆಲ್ಲ ತರಕಾರಿ ಮಾರುವವನ ಕೈಗೆ ಕಟ್ಟಿದರೆ, ಪಾಪ, ಅವನು ನಡೆದದ್ದರಲ್ಲಿ ಅರ್ಧ ನುಂಗಿದರೂ ನುಂಗೀತು. ಎಲ್ಲರೂ ಜಪಿಸುವ ಆ ಹತ್ತು ಸಾವಿರ ಹೆಜ್ಜೆಯಾದರೂ ಯಾವ ವೈದ್ಯರು ಬರೆದುಕೊಟ್ಟ ಚೀಟಿಯೂ ಅಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಅದರ ಹೆಸರಿಗೇ ಸೇರಿಸಿಕೊಂಡ ಅಂಕಿ. ಇದನ್ನು ಅಣ್ಣನ ಮಗನಿಗೆ ಹೇಳಿದೆ. ‘ಆದರೂ ಒಂದು ಗುರಿ ಇರಬೇಕಲ್ಲ, ಅತ್ಯಾ’ ಎಂದ. ಇರಲಿ, ಯಾರು ಬೇಡ ಎಂದರು? ಐದು ಕಿಲೋಮೀಟರ್ ಮುಗಿಯುವ ಹೊತ್ತಿಗೆ ನನಗೂ ಹಿಗ್ಗಾಗುತ್ತದೆ. ಅದನ್ನು ಹತ್ತರೊಳಗೆ ತುರುಕಿ ಬೆಂಗಳೂರಿಗೆ ಕಳಿಸು ಎಂದರೆ ಮಾತ್ರ ಮೈ ಉರಿಯುತ್ತದೆ.

ಸಮಾಧಾನದ ಕಾಲಮ್ಮಿನಲ್ಲಿ ಈಗ ನಾನು ನೂಲಿನ ದರ ಬರೆಯುತ್ತಿದ್ದೇನೆ. ಅವನು ಇನ್ನೂ ಗಮನಿಸಿಲ್ಲ. ಪಟ್ಟಿಯ ಪ್ರಕಾರ ನಾಳೆ, ಭಾನುವಾರ, ಐದು ಕಿಲೋಮೀಟರ್ ಮತ್ತು ಒಂದು ಆನೆ. ಆನೆಯ ಹೊಟ್ಟೆ ತುಂಬಲು ಮೆಂತಿ ಹೊಲಿಗೆಯೇ ಬೇಕು, ಮೆಂತಿಗೆ ನೂಲು ಎಷ್ಟಿದ್ದರೂ ಸಾಲದು, ಮನೆಯಲ್ಲಿ ಕೆಂಪು ನೂಲು ಮುಗಿದಿದೆ. ನೂಲಿನ ಅಂಗಡಿಗೆ ಭಾನುವಾರ ರಜೆ. ಇವತ್ತೇ, ಎಂಟರೊಳಗೆ, ಮಾರುಕಟ್ಟೆಗೆ ಹೋಗಿ ಬರಬೇಕು, ಆಟೋದಲ್ಲಿ.