ಜೋಳದ ಹಿಟ್ಟಿನ ಬಿಯರ್: ಒಂದು ಸ್ಪಷ್ಟನೆ

‘ಜೋಳದ ಹಿಟ್ಟು, ಸಕ್ಕರೆ, ಬೇಕರಿ ಈಸ್ಟ್ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿ, ಕಲಬುರಗಿ ಬಿಸಿಲಿಗೆ ಎರಡೇ ದಿನದಲ್ಲಿ ಬಿಯರ್. ಮನೆಮಟ್ಟಿಗೆ ಪರವಾನಗಿ ಬೇಡ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಓಡಾಡುತ್ತಿದೆ. ದಯವಿಟ್ಟು ನಂಬಬೇಡಿ.

ನನಗೆ ದಿಗಿಲಾದದ್ದು ‘ಬಿಗಿಯಾಗಿ’ ಎಂಬ ಮಾತಿಗೆ. ಈಸ್ಟ್ ಸಕ್ಕರೆ ತಿಂದು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ; ಹೊರಹೋಗಲು ದಾರಿಯಿಲ್ಲದಿದ್ದರೆ ಗಾಜು ಸಿಡಿದು ಚೂರು ಕಣ್ಣಿಗೇ ಬಡಿಯಬಹುದು. ಹಿಟ್ಟಿನ ಪಿಷ್ಟವನ್ನು ಈಸ್ಟ್ ನೇರವಾಗಿ ತಿನ್ನಲಾರದು. ಕಾಳು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಒಡೆದು, ಬಿಸಿನೀರಲ್ಲಿ ಇಟ್ಟರೆ ಪಿಷ್ಟ ಸಕ್ಕರೆಯಾಗುತ್ತದೆ. ಏಲ್ ಎಂಬ ಬಗೆಯ ಬಿಯರ್‌ಗೆ ಬಳಸುವ ಈಸ್ಟಿಗೆ ಸುಮಾರು 18–22 ಡಿಗ್ರಿ ಹಿತ. 40 ದಾಟುವ ನಮ್ಮ ಬೇಸಿಗೆಯಲ್ಲಿ ರುಚಿ ಕೆಡುತ್ತದೆ. ಹುದುಗಲಿಕ್ಕೇ ಒಂದೆರಡು ವಾರ ಹಿಡಿಯುತ್ತದೆ.

ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ.

ಯಾರಾದರೂ ಈಗಾಗಲೇ ಬಾಟಲಿ ಮುಚ್ಚಿಟ್ಟಿದ್ದರೆ ಮಕ್ಕಳನ್ನು ಅದರ ಹತ್ತಿರ ಬಿಡಬೇಡಿ.